ಮಗುವಿಗೆ ಬಂಡೆ ಹತ್ತಿಸುವ ಮೊದಲು ಇಳಿಯುವುದನ್ನು ಕಲಿಸಿ

ರಜೆಯ ಪ್ರವಾಸದಲ್ಲಿ ನಾಲ್ಕೈದು ವರ್ಷದ ಮಗುವನ್ನು ಮೊದಲ ಸಲ ನಿಜವಾದ ಬಂಡೆಗೆ ಕರೆದೊಯ್ಯುವವರ ತಲೆಯಲ್ಲೆಲ್ಲ ಹತ್ತುವುದೇ ತುಂಬಿರುತ್ತದೆ. ಹತ್ತುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಜು, ಕಪಾಟು, ಕಿಟಕಿಯ ಸರಳು, ಯಾವುದನ್ನೂ ಅವರು ಬಿಟ್ಟಿರುವುದಿಲ್ಲ. ತೊಡಕು ಶುರುವಾಗುವುದು ಮೂರು ಮೀಟರ್ ಮೇಲೆ ಹೋದ ಮೇಲೆ, ಕೆಳಗಿನಿಂದ “ಈಗ ಕೈ ಬಿಟ್ಟು ಹಿಂದಕ್ಕೆ ಕೂತ್ಕೋ ಪುಟ್ಟಾ” ಎಂದಾಗ. ಮಗು ಬಂಡೆಯನ್ನು ತಬ್ಬಿಕೊಂಡು ಅಲ್ಲೇ ನಿಲ್ಲುತ್ತದೆ. ಅದರ ಜೊತೆಗೆ ದೊಡ್ಡವರ ತೂಕ, ಸೊಂಟ, ತೋಳಳತೆಗೆ ತಕ್ಕಂತೆ ರೂಢಿಯಾದ ಪದ್ಧತಿಗಳು 16 ಕೆಜಿಯ ಮಗುವಿನ ವಿಷಯದಲ್ಲಿ ಹಲವು ಕಡೆ ಕೈಕೊಡುತ್ತವೆ.

ಟಾಪ್ ರೋಪ್ (ಬಂಡೆಯ ಮೇಲಿನಿಂದ ಹಾಯ್ದು ಬರುವ ಹಗ್ಗ) ಹಿಡಿದಿಡುವ ಆಧಾರವಾದ ಆ್ಯಂಕರ್ ಕಟ್ಟಲು, ಬಿಲೇ ಮಾಡಲು (ಕೆಳಗೆ ನಿಂತು ಹತ್ತುವವರ ಹಗ್ಗವನ್ನು ಹಿಡಿದು, ಬೇಕಾದಂತೆ ಬಿಡಲು) ಬರುವ ದೊಡ್ಡವರು ಜೊತೆಗಿದ್ದಾರೆ ಎಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಳಾಂಗಣದ ಗೋಡೆಯಲ್ಲಿ ವರ್ಷಗಟ್ಟಲೆ ಹತ್ತಿದವರಿಗೂ ಆ್ಯಂಕರ್ ಕಟ್ಟಿ ಅಭ್ಯಾಸ ಇರಲಿಕ್ಕಿಲ್ಲ, ಏಕೆಂದರೆ ಅಲ್ಲಿ ಅದನ್ನು ಬೇರೆಯವರು ಕಟ್ಟಿಟ್ಟಿರುತ್ತಾರೆ. ಅಂಥವರು ಅರ್ಧ ದಿನಕ್ಕೆ ತರಬೇತಿ ಪಡೆದ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು. ಮಗುವಿನ ತೂಕ, ಎತ್ತರ, ತಲೆಯ ಸುತ್ತಳತೆಯನ್ನು ಅವರಿಗೆ ಮೊದಲೇ ತಿಳಿಸಿ. ಸಣ್ಣ ಮಕ್ಕಳ ಹಾರ್ನೆಸ್ (ಹಗ್ಗ ಕಟ್ಟಲು ಮೈಗೆ ತೊಡುವ ಪಟ್ಟಿಗಳ ಜೋಡಣೆ) ಎಲ್ಲರ ಬಳಿಯೂ ಇರುವುದಿಲ್ಲ. ಗೈಡ್ ಇರಲಿ ಬಿಡಲಿ, ಕನಿಷ್ಠ ಇಬ್ಬರು ದೊಡ್ಡವರು ಬೇಕು. ಬಿಲೇ ಮಾಡುವವರಿಗೆ ಅದೊಂದೇ ಕೆಲಸ. ನೀರು ಕೊಡುವುದು, ಫೋಟೊ ತೆಗೆಯುವುದು, ಓಡಿಹೋಗುವ ತಮ್ಮನನ್ನು ಹಿಡಿಯುವುದು ಎಲ್ಲ ಇನ್ನೊಬ್ಬರ ಪಾಲಿಗೆ.

ಬಂಡೆ ಆರಿಸುವಾಗ ಗೈಡ್‌ಬುಕ್‌ನ ಗ್ರೇಡ್ (ದಾರಿ ಎಷ್ಟು ಕಷ್ಟ ಎಂದು ಹೇಳುವ ಅಂಕಿ) ಒಂದನ್ನೇ ನಂಬಬೇಡಿ. ಆ ಅಂಕಿ ದೊಡ್ಡವರ ಕೈಗೆ ಎಟುಕುವುದನ್ನು ನೋಡಿ ಕೊಟ್ಟದ್ದು. 110 ಸೆಂ.ಮೀ. ಎತ್ತರದ ಮಗು ಕೈ ಚಾಚಿದರೆ ಸುಮಾರು 130 ಸೆಂ.ಮೀ. ಮುಟ್ಟುತ್ತದೆ. ದೊಡ್ಡವರಿಗೆ ಮೆಟ್ಟಿಲಿನಷ್ಟು ಸುಲಭವಾದ ದಾರಿಯಲ್ಲಿ ಎರಡು ಹಿಡಿತಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಮಗುವಿಗೆ ಅದು ದಾಟಲಾಗದ ಜಾಗ. ಇದಕ್ಕೆ ವಿರುದ್ಧವಾದದ್ದೂ ಉಂಟು: ದೊಡ್ಡವರ ಬೂಟಿನ ತುದಿಯೂ ನಿಲ್ಲದ ಎರಡು ಬೆರಳಗಲದ ಅಂಚು ಮಗುವಿನ ಪಾದಕ್ಕೆ ಧಾರಾಳವಾಗಿ ಸಾಕು. ಹಾಗಾಗಿ ಬುಡದಲ್ಲಿ ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟದಿಂದ ನೋಡಿ. 30ರಿಂದ 40 ಸೆಂ.ಮೀ.ಗೊಂದು ಕಾಲಿಡುವ ಜಾಗ, ನೆಲದಿಂದ 60–70 ಡಿಗ್ರಿ ಓರೆಯ ಚಪ್ಪಟೆ ಬಂಡೆ (ಸ್ಲ್ಯಾಬ್), ಐದರಿಂದ ಎಂಟು ಮೀಟರ್ ಎತ್ತರ, ಬುಡದಲ್ಲಿ ಸಪಾಟಾದ ನೆಲ ಇದ್ದರೆ ಮೊದಲ ದಿನಕ್ಕೆ ಬೇರೇನೂ ಬೇಡ. ಬುಡದಿಂದ ಆಚೆ ಇಳಿಜಾರು ಅಥವಾ ಪ್ರಪಾತ ಇರುವ ಜಾಗ, ಬಂಡೆ ಎಷ್ಟೇ ಚೆನ್ನಾಗಿರಲಿ, ಮಕ್ಕಳಿಗಲ್ಲ. ಸಡಿಲ ಕಲ್ಲು, ಹೆಜ್ಜೇನಿನ ಗೂಡು, ಪಾಚಿಯನ್ನು ದೊಡ್ಡವರು ಮೊದಲೇ ಹತ್ತಿಳಿದು ನೋಡಿಕೊಳ್ಳಬೇಕು. ಮರಳುಕಲ್ಲಾದರೆ ಮಳೆ ಬಂದ ಮರುದಿನ ಅದನ್ನು ಮುಟ್ಟಬೇಡಿ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಉಳಿದ ತೇವ ಕಲ್ಲಿನ ಬಲವನ್ನು ಕುಗ್ಗಿಸುತ್ತದೆ, ಹಿಡಿತಗಳು ಮುರಿದು ಕೈಗೆ ಬರುತ್ತವೆ.

ಬಿಸಿಲಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಪಶ್ಚಿಮಕ್ಕೆ ಮುಖ ಮಾಡಿದ ಬಂಡೆಗೆ ಬೆಳಿಗ್ಗೆ ನೆರಳು, ಪೂರ್ವದ ಮುಖಕ್ಕೆ ಮಧ್ಯಾಹ್ನದ ನಂತರ. ಅಂಗೈಯನ್ನು ಕಲ್ಲಿನ ಮೇಲೆ ಹತ್ತು ಸೆಕೆಂಡ್ ಇಡಲಾಗದಿದ್ದರೆ ಆ ಹೊತ್ತಿಗೆ ಆ ಬಂಡೆ ಬೇಡ.

ಹಾರ್ನೆಸ್ ವಿಷಯದಲ್ಲಿ ರಾಜಿಗೆ ಜಾಗವಿಲ್ಲ. ಸಣ್ಣ ಮಕ್ಕಳಿಗೆ ಸೊಂಟದ ಮೂಳೆ ಎದ್ದು ನಿಂತಿರುವುದಿಲ್ಲ, ತಲೆಯ ತೂಕ ದೇಹದ ಲೆಕ್ಕದಲ್ಲಿ ಹೆಚ್ಚು. ಸೊಂಟಕ್ಕೆ ಮಾತ್ರ ಕಟ್ಟುವ ಹಾರ್ನೆಸ್‌ನಲ್ಲಿ ಜೋತುಬಿದ್ದ ಮಗು ತಲೆಕೆಳಗಾಗಬಹುದು, ಆಗ ಪಟ್ಟಿಯಿಂದ ಜಾರಿಹೋಗುವ ಅಪಾಯವೂ ಇದೆ. ಹೆಗಲು, ಎದೆ, ತೊಡೆ ಮೂರನ್ನೂ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್‌ನಲ್ಲಿ ಹಗ್ಗ ಕಟ್ಟುವ ಜಾಗ ಎದೆಯ ಹತ್ತಿರ ಇರುವುದರಿಂದ ಮಗು ನೆಟ್ಟಗೇ ಇರುತ್ತದೆ. ಯುರೋಪಿನ ಇಎನ್ 12277 ಮಾನದಂಡದಲ್ಲಿ 40 ಕೆಜಿವರೆಗಿನವರಿಗೆ ಟೈಪ್ ಬಿ ಎಂದೇ ಒಂದು ವರ್ಗವಿದೆ. ಲೇಬಲ್‌ನಲ್ಲಿ ಅದನ್ನು ಹುಡುಕಿ. ಸೊಂಟದ ಹಾರ್ನೆಸ್‌ಗೆ ಯಾವಾಗ ಬದಲಾಯಿಸಬಹುದು ಎಂಬುದನ್ನು ವಯಸ್ಸು ಹೇಳುವುದಿಲ್ಲ. ಪಟ್ಟಿಯನ್ನು ಸೊಂಟದ ಮೂಳೆಯ ಮೇಲ್ಗಡೆ ಬಿಗಿದು ಎರಡೂ ಕೈಯಿಂದ ಜೋರಾಗಿ ಕೆಳಕ್ಕೆ ಎಳೆಯಿರಿ. ಒಂದಿಷ್ಟು ಜಾರಿದರೂ ಕಾಲ ಇನ್ನೂ ಬಂದಿಲ್ಲ. ಮನೆಯಿಂದ ಹೊರಡುವ ಮೊದಲೇ ಹಾರ್ನೆಸ್ ತೊಡಿಸಿ, ನೆಲದಿಂದ ಒಂದಡಿ ಮೇಲೆ ಐದು ನಿಮಿಷ ತೂಗಾಡಿಸಿ ನೋಡಿ. ತೊಡೆಯ ಪಟ್ಟಿ ಎಲ್ಲಿ ಒತ್ತುತ್ತದೆ, ಕತ್ತಿಗೆ ಏನು ಉಜ್ಜುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇನ್ನು ಒಂದು ಪುಟ್ಟ ಸಂಗತಿ: ಹಾರ್ನೆಸ್ ಹಾಕುವ ಮೊದಲು ಮೂತ್ರಕ್ಕೆ ಕರೆದುಕೊಂಡು ಹೋಗಿ ಬನ್ನಿ. ಪೂರ್ತಿ ಮೈಯದನ್ನು ಬಿಚ್ಚಿ ಮತ್ತೆ ತೊಡಿಸುವಷ್ಟರಲ್ಲಿ ಮಗುವಿನ ಉತ್ಸಾಹ ಅರ್ಧ ಇಳಿದಿರುತ್ತದೆ.

ಹೆಲ್ಮೆಟ್ ಕ್ಲೈಂಬಿಂಗ್‌ನದ್ದೇ ಇರಲಿ, ಅಂದರೆ ಇಎನ್ 12492 ಮಾನದಂಡದ್ದು. ಸೈಕಲ್ ಹೆಲ್ಮೆಟ್ ಮೇಲಿನಿಂದ ಬೀಳುವ ಚೂಪು ಕಲ್ಲನ್ನು ತಡೆಯಲು ಮಾಡಿದ್ದಲ್ಲ. ಜುಟ್ಟನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿ. ಮೇಲೆ ಕಟ್ಟಿದರೆ ಹೆಲ್ಮೆಟ್ ಹಣೆಗೆ ಬಾಗಿ ಕಣ್ಣು ಮುಚ್ಚುತ್ತದೆ. ಬುಡದಲ್ಲಿ ಕೂತಿರುವ ಎಲ್ಲರಿಗೂ ಹೆಲ್ಮೆಟ್ ಬೇಕು, ದೊಡ್ಡವರಿಗೂ. ಆದರೆ ಬಂಡೆಯ ಕೆಲಸ ಮುಗಿದು ಮಗು ಉಯ್ಯಾಲೆ, ಜಾರುಬಂಡೆ, ಮರದ ಕಡೆ ಓಡುವ ಮುನ್ನ ಅದನ್ನು ತೆಗೆಸಿಬಿಡಿ. ಈ ಹೆಲ್ಮೆಟ್‌ನ ಗಲ್ಲದ ಪಟ್ಟಿ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಕೊಂಬೆಗೋ ಸರಳಿಗೋ ಸಿಕ್ಕಿಕೊಂಡರೆ ಕುತ್ತಿಗೆಗೇ ಬರುತ್ತದೆ. ಕೊರಳ ಸರ, ಉಂಗುರ, ಟೋಪಿಯ ದಾರ ಇರುವ ಜರ್ಕಿನ್‌ಗಳಿಗೂ ಬಂಡೆಯ ಹತ್ತಿರ ಕೆಲಸವಿಲ್ಲ.

ಶೂಗಳಿಗೆ ಮೊದಲ ದಿನ ದುಡ್ಡು ಸುರಿಯುವುದು ವ್ಯರ್ಥ. ತೆಳು ಅಡಿಯ, ಪಾದಕ್ಕೆ ಸರಿಯಾಗಿ ಕೂರುವ ಕ್ಯಾನ್ವಾಸ್ ಶೂ ಸಾಕು. ಮುಂದೆ ಕ್ಲೈಂಬಿಂಗ್ ಶೂ ಕೊಂಡರೂ ಬೆರಳುಗಳು ಒಳಗೆ ಚಪ್ಪಟೆಯಾಗಿರಬೇಕು. ಬೆಳೆಯುವ ಪಾದವನ್ನು ಬಿಗಿಯಾದ ಶೂಗೆ ತುರುಕುವುದು ತಪ್ಪು.

ಆ್ಯಂಕರ್‌ಗೆ ಒಂದನ್ನೊಂದು ಅವಲಂಬಿಸದ ಎರಡು ಗಟ್ಟಿ ಬಿಂದುಗಳು ಬೇಕು. ಅವುಗಳಿಂದ ಬರುವ ಗಟ್ಟಿ ಪಟ್ಟಿಯ ಕುಣಿಕೆಗಳ, ಅಂದರೆ ಸ್ಲಿಂಗ್‌ಗಳ ನಡುವಿನ ಕೋನ 60 ಡಿಗ್ರಿಯೊಳಗಿರಲಿ. ಕೋನ 120ಕ್ಕೆ ಹಿಗ್ಗಿದರೆ ಎರಡೂ ಬಿಂದುಗಳ ಮೇಲೆ ಪೂರ್ತಿ ಭಾರವೇ ಬೀಳುತ್ತದೆ, ಹಂಚಿಕೆಯಿಂದ ಏನೂ ಉಳಿಯುವುದಿಲ್ಲ. ಹಗ್ಗ ಹಾಯುವ ಜಾಗದಲ್ಲಿ ಬಾಯಿಗೆ ಬೀಗವಿರುವ ಎರಡು ಲೋಹದ ಕೊಂಡಿಗಳನ್ನು, ಅಂದರೆ ಲಾಕಿಂಗ್ ಕ್ಯಾರಬೈನರ್‌ಗಳನ್ನು ಬಾಯಿಗಳು ವಿರುದ್ಧ ದಿಕ್ಕಿಗೆ ತೆರೆಯುವಂತೆ ಹಾಕಿ. ಮಕ್ಕಳ ಮಟ್ಟಿಗೆ ಇಲ್ಲಿ ಎರಡು ವಿಷಯ ಮುಖ್ಯ. ಒಂದು, ಆ್ಯಂಕರ್ ದಾರಿಯ ನೇರ ಮೇಲೆ ಇರಬೇಕು. ಮಕ್ಕಳು ದಾರಿ ಬಿಟ್ಟು ಬಣ್ಣದ ಕಲ್ಲಿನ ಕಡೆಗೆ, ಹಲ್ಲಿಯ ಕಡೆಗೆ ಪಕ್ಕಕ್ಕೆ ಸರಿಯುತ್ತಾರೆ. ಅಲ್ಲಿಂದ ಕೈ ತಪ್ಪಿದರೆ ಲೋಲಕದ ಹಾಗೆ ಬೀಸಿ ಹೋಗಿ ಪಕ್ಕದ ಮೂಲೆಗೆ ಬಡಿಯುತ್ತಾರೆ. ಎರಡನೆಯದು, ಕ್ಯಾರಬೈನರ್‌ಗಳು ಬಂಡೆಯ ಅಂಚಿನಿಂದ ಕೆಳಗೆ ನೇತಾಡುವಂತೆ ಸ್ಲಿಂಗ್ ಉದ್ದ ಇರಲಿ, ಅಂಚಿಗೆ ತಗಲುವಲ್ಲಿ ಸ್ಲಿಂಗ್‌ಗೆ ದಪ್ಪ ರಕ್ಷಣೆ ಕೊಡಿ. ಹಗ್ಗವೇ ಅಂಚಿಗೆ ಉಜ್ಜಿದರೆ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಗುರ ಮಗು ಆ ಘರ್ಷಣೆಯಿಂದಾಗಿ ಕೆಳಗೇ ಇಳಿಯುವುದಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಈ ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡವರನ್ನು ಇಳಿಸುವಾಗ ಬಿಲೇ ಮಾಡುವವರು ಹಗ್ಗವನ್ನು ತಡೆತಡೆದು ಬಿಡುತ್ತಾರೆ. 15–20 ಕೆಜಿಯ ಮಗುವಿನ ತೂಕದ ಒಂದು ಪಾಲನ್ನು ಓರೆ ಬಂಡೆಯೇ ಹೊರುತ್ತದೆ. ಉಳಿದದ್ದನ್ನು ಮೇಲಿನ ಕ್ಯಾರಬೈನರ್ ಮತ್ತು ಬಿಲೇ ಸಾಧನದ (ಬಿಲೇ ಮಾಡುವವರು ಹಗ್ಗ ಹಾಯಿಸಿ ತಡೆಯುವ ಸಾಧನ) ಘರ್ಷಣೆ ನುಂಗುತ್ತದೆ. ಬ್ರೇಕ್ ಕೈ (ಹಗ್ಗವನ್ನು ತಡೆಹಿಡಿಯುವ ಕೈ) ಸಡಿಲಿಸಿದರೂ ಮಗು ಅಲ್ಲೇ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಅರ್ಧ ಅಡಿ ಜಾರುತ್ತದೆ. ಆ ಜರ್ಕೇ ಅದನ್ನು ಹೆದರಿಸುವುದು. ದಪ್ಪ, ಹಳೆಯ, ಒರಟಾದ ಹಗ್ಗದ ಬದಲು 9.5 ಮಿ.ಮೀ. ಆಸುಪಾಸಿನ ಮೆತ್ತನೆಯ ಡೈನಾಮಿಕ್ (ಭಾರಕ್ಕೆ ಹಿಗ್ಗುವ) ಹಗ್ಗ ಬಳಸಿ. ನಿಮ್ಮ ಸಾಧನ ಆ ದಪ್ಪಕ್ಕೆ ಒಪ್ಪುತ್ತದೆಯೇ ನೋಡಿಕೊಳ್ಳಿ. ಲಿವರ್ ಇರುವ ಸಾಧನಗಳಲ್ಲಿ ಹಗುರ ಮಗುವನ್ನು ನಯವಾಗಿ ಇಳಿಸಲು ಅಭ್ಯಾಸ ಬೇಕು. ಲಿವರ್ ಇಲ್ಲದ ಸರಳ ಟ್ಯೂಬ್ ಮಾದರಿ ಕೈಗೆ ಹಿಡಿದಿದ್ದರೆ ಇಲ್ಲಿ ಅದೇ ಮೇಲು. ಮಗು ಎಲ್ಲಿ ನಿಂತರೂ ಬ್ರೇಕ್ ಕೈಯನ್ನು ಹಗ್ಗದಿಂದ ತೆಗೆಯದೆ, ಹಗ್ಗವನ್ನು ಸಾಧನದೊಳಗೆ ಸ್ವಲ್ಪಸ್ವಲ್ಪವೇ ತಳ್ಳಿಕೊಡಬೇಕಾಗುತ್ತದೆ. ಹಾರ್ನೆಸ್‌ಗೆ ಇನ್ನೊಂದು ತೆಳು ಹಗ್ಗ ಸಿಕ್ಕಿಸಿ ನೆಲದವರೆಗೆ ಬಿಡುವವರೂ ಇದ್ದಾರೆ. ಮಗು ನಿಂತುಹೋದಾಗ ಎರಡನೆಯವರು ಅದನ್ನು ಮೆಲ್ಲಗೆ ಎಳೆದು ಸಹಾಯ ಮಾಡಬಹುದು. ಉಪಾಯ ಒಳ್ಳೆಯದೇ, ಆದರೆ ಹಗ್ಗ ಮಗುವಿನ ಕಾಲಿಗೆ ಸುತ್ತಿಕೊಳ್ಳದಂತೆ ಕಣ್ಣಿಡಬೇಕು.

ಹತ್ತುವಾಗಿನ ತಪ್ಪು ಇದಕ್ಕೆ ಉಲ್ಟಾ. 70 ಕೆಜಿಯವರು ಹಗ್ಗವನ್ನು ಸ್ವಲ್ಪ ಜೋರಾಗಿ ಎಳೆದರೆ ಮಗುವಿನ ಕಾಲು ಬಂಡೆ ಬಿಟ್ಟು ಮೇಲೇಳುತ್ತದೆ. ಅದಕ್ಕೆ ತಾನು ಹತ್ತುತ್ತಿದ್ದೇನೆ ಅನಿಸುವುದಿಲ್ಲ, ತನ್ನನ್ನು ಯಾರೋ ಎತ್ತುತ್ತಿದ್ದಾರೆ ಅನಿಸುತ್ತದೆ. ಮೊದಲ ಎರಡು ಮೀಟರ್‌ನಲ್ಲಿ ಹಗ್ಗ ಬಿಗಿಯಾಗಿರಲಿ, ಏಕೆಂದರೆ ಅಲ್ಲಿ ಹಗ್ಗ ಹಿಗ್ಗಿದರೆ ಕಾಲು ನೆಲಕ್ಕೆ ಬಡಿಯಬಹುದು. ಮೇಲೆ ಹೋದಂತೆ ಹಗ್ಗ ನೆಟ್ಟಗಿದ್ದು ಎಳೆತ ಇಲ್ಲದಷ್ಟು ಇರಲಿ.

ಹಗ್ಗವನ್ನು ಹಾರ್ನೆಸ್‌ಗೆ ಕಟ್ಟುವುದು ಫಿಗರ್ ಎಯ್ಟ್ (ಇಂಗ್ಲಿಷ್ 8ರ ಆಕಾರದ) ಗಂಟಿನಿಂದ, ತಯಾರಕರು ಹೇಳಿದ ಕುಣಿಕೆಗಳಲ್ಲೇ, ತುದಿಯನ್ನು ಒಂದು ಗೇಣಾದರೂ ಉಳಿಸಿ. ಪ್ರತಿ ಸಲವೂ ಬಕಲ್, ಗಂಟು, ಬಿಲೇ ಸಾಧನ, ಲಾಕ್ ಇಷ್ಟನ್ನೂ ಇಬ್ಬರೂ ಮುಟ್ಟಿ ನೋಡಬೇಕು. ಮುಟ್ಟುವ ಕೆಲಸಕ್ಕೆ ಮಗುವನ್ನೂ ಸೇರಿಸಿಕೊಳ್ಳಿ. ಹಗ್ಗದ ಇನ್ನೊಂದು ತುದಿಗೆ ಗಂಟು ಇರಲೇಬೇಕು.

ಇನ್ನು ಪಾಠ. ಮೊದಲ ಸುತ್ತಿನಲ್ಲಿ ಮಗುವಿನ ಕಾಲು ನೆಲದಿಂದ ಒಂದು ಮೀಟರ್‌ಗಿಂತ ಮೇಲೆ ಹೋಗಬಾರದು. ಅಲ್ಲಿ ಹಗ್ಗ ಬಿಗಿಮಾಡಿ. ಪಕ್ಕದಲ್ಲಿ ನಿಂತ ದೊಡ್ಡವರು ಬೆನ್ನಿಗೆ ಕೈ ಕೊಟ್ಟು ಹೇಳಲಿ: ಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ಕೂರು, ಕಾಲು ಅಗಲ, ಪಾದ ಬಂಡೆಗೆ, ಈಗ ಕೈ ಬಿಡು. ಬಹುತೇಕ ಮಕ್ಕಳು ಮೊದಲು ಗಂಟನ್ನು ಹಿಡಿದುಕೊಳ್ಳುತ್ತಾರೆ, ಹಿಡಿಯಲಿ ಬಿಡಿ. ಬಂಡೆಯನ್ನು ಬಿಟ್ಟದ್ದೇ ಆ ಸುತ್ತಿನ ಗೆಲುವು. ಕಾಲು ಜೋಡಿಸಿದರೆ ಪಕ್ಕಕ್ಕೆ ತಿರುಗಿ ಹೆಗಲು ಬಡಿಯುತ್ತದೆ, ಮಂಡಿ ಮಡಚಿದರೆ ತರಚುತ್ತದೆ, ಅದಕ್ಕೇ ಉದ್ದ ಪ್ಯಾಂಟ್ ಇರಬೇಕು. ಇದನ್ನು ನಾಲ್ಕೈದು ಸಲ ಮಾಡಿಸಿ, ಮಗು ತಾನೇ ಹಿಂದಕ್ಕೆ ವಾಲಿ ಕಾಲಿನಿಂದ ಬಂಡೆಯನ್ನು ತಳ್ಳಿ ಕುಣಿಯತೊಡಗಿದ ಮೇಲೆ ಎರಡು ಮೀಟರ್, ಆಮೇಲೆ ಮೂರು. ಚಾಕ್‌ನಿಂದ ಬಂಡೆಯ ಮೇಲೆ ಗುರುತು ಮಾಡಿ “ಆ ಚುಕ್ಕಿ ಮುಟ್ಟಿ ಬಾ” ಎಂದರೆ ತುದಿಯ ಮಾತೇ ಬರುವುದಿಲ್ಲ. ಹೊರಡುವಾಗ ಬ್ರಷ್‌ನಿಂದ ಗುರುತು ಅಳಿಸಿ.

ಮಗು ಮೇಲೆ ಹೆದರಿ ನಿಂತರೆ ಕೆಳಗಿನಿಂದ ಮೂರು ಜನ ಮೂರು ಸಲಹೆ ಕೊಡಬೇಡಿ. ಒಬ್ಬರೇ ಮಾತಾಡಿ, ಹೆಸರು ಹಿಡಿದು, ಮೆಲ್ಲಗೆ. “ಹೆದರಬೇಡ” ಎಂದರೆ ಕೆಲಸವಾಗುವುದಿಲ್ಲ, “ಬಲಗಾಲು ಆ ಬಿಳಿ ಕಲ್ಲಿಗೆ ಇಡು” ಎಂದರೆ ಆಗುತ್ತದೆ. ಹತ್ತಿದ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಇಳಿದು ಬಂದರೂ ಸರಿ, ಹಗ್ಗ ಹೇಗೂ ಹಿಡಿದಿರುತ್ತದೆ. ಹಗ್ಗ ಎಳೆದು ಬಲವಂತವಾಗಿ ಮೇಲೆ ಒಯ್ಯುವುದು, “ಅಣ್ಣ ಹತ್ತಿದ ನೋಡು” ಎನ್ನುವುದು ಇವೆರಡೂ ಆ ಮಗು ಮತ್ತೆ ಬಂಡೆಯ ಹತ್ತಿರ ಬಾರದಂತೆ ಮಾಡಲು ಸಾಕು. ಸಾಧ್ಯವಿದ್ದರೆ ಪಕ್ಕದಲ್ಲೇ ಎರಡನೆಯ ಟಾಪ್ ರೋಪ್ ಹಾಕಿ, ಮೂರನೆಯ ದೊಡ್ಡವರು ಬಿಲೇಗೆ ಇದ್ದರೆ, ಅಪ್ಪನೋ ಅಮ್ಮನೋ ಮಗುವಿನ ಜೊತೆಜೊತೆಗೇ ಹತ್ತಬಹುದು. ಬೇರೆ ಎಲ್ಲ ಉಪಾಯಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ಸುತ್ತು 15–20 ನಿಮಿಷ, ಆಮೇಲೆ ತಿಂಡಿ, ಮಣ್ಣು, ಇರುವೆ. ಒಟ್ಟು ಎರಡು ಗಂಟೆ ಮೀರಿದರೆ ಅಳು ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ ಮಗು ಸಣ್ಣ ಬಂಡೆಗಳ ಮೇಲೆ ಹಗ್ಗವಿಲ್ಲದೆ ಆಡುತ್ತದೆ, ಆಡಲಿ. ಅದರ ಕಾಲು ನಿಮ್ಮ ಸೊಂಟಕ್ಕಿಂತ ಮೇಲೆ ಹೋಗದಿರಲಿ, ಕೆಳಗೆ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಹಾಸುವ ದಪ್ಪ ಹಾಸು) ಇರಲಿ, ಒಬ್ಬರು ಹಿಂದೆಯೇ ನಿಂತಿರಲಿ. ಬೀಳುವ ಮಗುವನ್ನು ಕೈಚಾಚಿ ಹಿಡಿಯಲು ಹೋಗಬೇಡಿ; ಹೆಬ್ಬೆರಳು ಒಳಗೆ ಮಡಚಿ, ಕಂಕುಳ ಕೆಳಗೆ ಆನಿಸಿ ಕಾಲಿನ ಮೇಲೆ ಇಳಿಯುವಂತೆ ತಿರುಗಿಸಿದರೆ ಸಾಕು.

ಪ್ರಯಾಣದ ಮರುದಿನವೇ ಬಂಡೆಗೆ ಹೋಗುವ ಬದಲು ಒಂದು ದಿನ ಬಿಟ್ಟು ಹೋಗಿ. ಇನ್ನೊಂದು ದಿನ ಕೈಯಲ್ಲಿದ್ದರೆ ಅದೇ ಬಂಡೆಗೆ, ಅದೇ ದಾರಿಗೆ ಹಿಂದಿರುಗಿ. ಹೊಸ ಜಾಗ ಹುಡುಕುವುದು ದೊಡ್ಡವರ ಹುಚ್ಚು. ಪರಿಚಯದ ಹಿಡಿತಗಳ ಮೇಲೆ ಮಗು ಎರಡನೆಯ ದಿನ ಹೆಚ್ಚಾಗಿ ಕೇಳದೆಯೇ ಮೇಲಿನವರೆಗೂ ಹೋಗುತ್ತದೆ. ದೊಡ್ಡವರಿಗೂ ಹತ್ತುವ ಆಸೆ ಇದ್ದರೆ ಮಗುವಿನ ಎರಡು ಗಂಟೆ ಮುಗಿದು, ಅದನ್ನು ನೋಡಿಕೊಳ್ಳಲೆಂದೇ ಒಬ್ಬರು ಬುಡದಿಂದ ದೂರ ಕೂತ ಮೇಲೆ ಹಗ್ಗ ಕಟ್ಟಿಕೊಳ್ಳಿ.