ಗೋರ್ಖಾದಲ್ಲಿ ಒಂದು ಶನಿವಾರ

ಸುನೌಲಿ ಗಡಿ ದಾಟಿ ನೇಪಾಳ ಹೊಕ್ಕ ಕೂಡಲೇ ಕೈಗಡಿಯಾರಗಳನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಂಡೆವು. 2017ರ ನವೆಂಬರ್. ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಿಂದ ಹೊರಟಿದ್ದವರು ಹನ್ನೊಂದು ಮಂದಿ: ಇಬ್ಬರು ಮೇಸ್ತ್ರಿಗಳು, ಒಬ್ಬರು ನರ್ಸ್, ಉಳಿದವರೆಲ್ಲ ಹೇಳಿದ ಕೆಲಸ ಮಾಡಲು ಬಂದವರು. ಮುಗ್ಲಿಂಗ್ ದಾಟಿ ಗೋರ್ಖಾ ಪೇಟೆ, ಅಲ್ಲಿಂದ ಮುಂದಕ್ಕೆ ದರೌಂದಿ ನದಿಯ ಪಕ್ಕದಲ್ಲೇ ಕುಲುಕುವ ಜೀಪು. 2015ರ ಏಪ್ರಿಲ್ 25ರಂದು ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಕೇಂದ್ರ ಬಾರ್ಪಾಕ್ ಊರಿನ ಬಳಿ. ನಾವು ಇಳಿದ ಹಳ್ಳಿ ಅದಕ್ಕಿಂತ ಕೆಳಗಿನದು.

ಗುರುಂಗ್ ಸಮುದಾಯದ ಒಬ್ಬ ಅಜ್ಜಿಯ ಮನೆಗೆ ಕಲ್ಲು ಹೊರುವುದು ನಮ್ಮ ಪಾಲಿಗೆ ಬಂದ ಕೆಲಸ. ಊರವರಂತೆ ನಾವೂ ಅವರನ್ನು ‘ಆಮಾ’ ಎಂದೇ ಕರೆದೆವು. ಮನೆ ಕಟ್ಟಲು ಸರ್ಕಾರ ಆಗ ಮೂರು ಕಂತುಗಳಲ್ಲಿ 3 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು. ನಮ್ಮ ಹಣದಲ್ಲಿ ಎರಡು ಲಕ್ಷವೂ ಆಗದು. ಒಂದು ಹಂತ ಮುಗಿದರಷ್ಟೇ ಮುಂದಿನ ಕಂತು. ಆದರೆ ಹೊರುವವರು ಯಾರು? ಆಮಾ ಅವರ ಮಗ ಕತಾರಿನಲ್ಲಿದ್ದ. ಮಗನನ್ನು ಗಲ್ಫಿಗೆ ಕಳಿಸಿ ಫೋನಿಗಾಗಿ ಕಾಯುವ ತಾಯಂದಿರು ನಮ್ಮ ಕರಾವಳಿಯಲ್ಲೂ ಮನೆಮನೆಯಲ್ಲಿದ್ದಾರೆ.

ಚೌಕಾಕಾರದ ಕೆಂಪುಕಲ್ಲಿಗೆ ಪಳಗಿದ್ದ ನಮ್ಮ ಮೇಸ್ತ್ರಿಗಳು ಅಲ್ಲಿನ ಒರಟು ಕಲ್ಲಿನ ಮುಂದೆ ಮೊದಲ ದಿನ ಕೈಕಟ್ಟಿ ನಿಂತರು. ಕಲಿಸಿದವಳು ಆ ಊರಿನ ಮೇಸ್ತ್ರಿ, ಮೂವತ್ತು ದಾಟಿರದ ಹೆಂಗಸು. ಹಳೆಯ ಗೋಡೆಗಳೆಂದರೆ ಎರಡು ಸಾಲು ಕಲ್ಲು, ನಡುವೆ ಚೂರುಗಲ್ಲು, ಮಣ್ಣು. ನೆಲ ಅಲುಗಿದಾಗ ಸಾಲುಗಳು ಒಂದನ್ನೊಂದು ಬಿಟ್ಟು ಉರುಳಿದವು. ಈಗ ಗೋಡೆಯ ಎರಡೂ ಮೈಗೆ ತಾಗುವಷ್ಟು ಉದ್ದದ ಕಲ್ಲನ್ನು ಅಲ್ಲಲ್ಲಿ ಇಡಬೇಕು. ಅಂಥ ಕಲ್ಲು ಸಿಕ್ಕಾಗಲೆಲ್ಲ ಅವಳು ಅದನ್ನು ಅಂಗೈಯಿಂದ ತಟ್ಟಿ ಬದಿಗೆ ಎತ್ತಿಡುತ್ತಿದ್ದಳು.

ನೇಪಾಳದಲ್ಲಿ ಮತಾಂತರ ಮಾಡಿಸುವುದು ಅಪರಾಧ. ಹೊರಡುವ ಮುನ್ನ ನಮ್ಮ ಸಭಾಪಾಲಕರು ಯಾರ ಚೀಲದಲ್ಲೂ ಕರಪತ್ರ ಇರಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಕಾನೂನು ಇರದಿದ್ದರೂ ನಾನು ಹಾಗೆಯೇ ಹೋಗುತ್ತಿದ್ದೆ. ಆಮಾ ಬೌದ್ಧರು. ಮನೆ ಕಳೆದುಕೊಂಡವರ ಅಂಗಳದಲ್ಲಿ ಕೂಲಿಯವರಂತೆ ನಿಲ್ಲಬೇಕು. ಕಲ್ಲು ಹೊತ್ತದ್ದಕ್ಕೆ ಅವರಿಂದ ಏನನ್ನೂ ಬಯಸಬಾರದು.

ಅಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆರಾಧನೆಯೂ ಅಂದೇ. ತಗಡಿನ ಕೊಟ್ಟಿಗೆಯಂಥ ದೇವಾಲಯದ ಹೊರಗೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತೆವು. ‘ಜಯಮಸಿ’ ಎಂದು ಕೈಮುಗಿದರು; ಮಾದಲ್ ಬಾರಿಸುತ್ತ ಹಾಡಿದರು. ಭಾಷೆ ತಿಳಿಯದಿದ್ದರೂ ‘ಪ್ರಭು’ ಎಂಬಲ್ಲಿ ನಮ್ಮ ದನಿಯೂ ಸೇರುತ್ತಿತ್ತು. ಭೂಕಂಪವಾದದ್ದೂ ಶನಿವಾರವೇ, 11 ಗಂಟೆ 56 ನಿಮಿಷಕ್ಕೆ. ಪಕ್ಕದಲ್ಲಿದ್ದವಳು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: “ಶಾಲೆಗೆ ರಜೆ ಇದ್ದುದರಿಂದ ಮಗಳು ಉಳಿದಳು, ದೀದಿ. ಆರಾಧನೆಗೆ ಹೋಗಿದ್ದ ಅತ್ತೆ ಬರಲಿಲ್ಲ.” ಅವಳ ಕೈ ಹಿಡಿದುಕೊಂಡೆ. ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮಧ್ಯಾಹ್ನ ನಾವು ಮರಳುವಷ್ಟರಲ್ಲಿ ಆಮಾ ಒಬ್ಬರೇ ಏಳೆಂಟು ಸಲ ಕಲ್ಲು ತಂದು ಸುರಿದಿದ್ದರು. ನಾನು ಡೋಕೊ ಬುಟ್ಟಿಗೆ ಬೆನ್ನು ಕೊಟ್ಟು, ಹಗ್ಗದ ಪಟ್ಟಿಯನ್ನು ಹಣೆಗೆ ಎಳೆದುಕೊಂಡೆ. ಆಮಾ ಬಂದು ತಲೆಯಾಡಿಸಿ, ಪಟ್ಟಿಯನ್ನು ಎರಡು ಬೆರಳಿನಷ್ಟು ಮೇಲಕ್ಕೆ, ಕೂದಲು ಶುರುವಾಗುವಲ್ಲಿಗೆ ಸರಿಸಿದರು. ಆಮೇಲೆ ಬುಟ್ಟಿಯೊಳಗೆ ಕೈಹಾಕಿ ಎರಡು ಕಲ್ಲು ತೆಗೆದು ತಮ್ಮ ಬುಟ್ಟಿಗೆ ಹಾಕಿಕೊಂಡರು.