ಒಂದು ಗಂಡು, ಒಂದು ಹೆಣ್ಣು

“ಬೇರೆ ಎಲ್ಲೈತೋ? ಒಂದು ಗಂಡು, ಒಂದು ಹೆಣ್ಣು!”

ಸೋಮವಾರ ರಾತ್ರಿ ಊಟ ಮಾಡುತ್ತಾ ನಮ್ಮ ಸೋದರಮಾವ ಅಂದ ಮಾತಿದು. ಅಕ್ಕನ ಮಗ ದಾವಣಗೆರೆಯಿಂದ ಬಂದಿದ್ದ. ಇಂಜಿನಿಯರಿಂಗ್ ಅಂತ ಸೇರಿದ್ದಾನೆ, ಓದೋದು ಪೂರಾ ಹಕ್ಕಿಗಳ ಬಗ್ಗೆ. ಮೊಬೈಲಲ್ಲಿ ಎರಡು ಪುಟ್ಟ ಗಿಣಿ ತೋರಿಸಿದ. ಎರಡೂ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವು. ಮುಖ ಹಳದಿ ಇದ್ದದ್ದು ಮೌಂಟನ್ ಪ್ಯಾರಾಕೀಟ್, ಬೂದು ಟೋಪಿ ಇಟ್ಟಂತಿದ್ದದ್ದು ಗ್ರೇ-ಹುಡೆಡ್. “ಬೇರೆ ಬೇರೆ ಜಾತಿ ಅಜ್ಜ” ಅಂದ. ಅಜ್ಜ ಒಪ್ಪಲಿಲ್ಲ. ಹುಡುಗ ಕಿಸಕ್ಕನೆ ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಮಾವ ಬಾಯಿಗೆ ಬಂದದ್ದು ಅಂದವರಲ್ಲ. ಚಿತ್ರದುರ್ಗದ ಈ ಕಡೆ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ ಜೋಳ ಕಾಯ್ದವರು. ತೆನೆ ಮೇಲೆ ಕೂರುವ ಕೆಂಪುತಲೆ ಗಿಣಿಯನ್ನು ಅವರಷ್ಟು ಹತ್ತಿರದಿಂದ ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಗಂಡಿನ ತಲೆ ನೇರಳೆಗೆಂಪು, ಕೊರಳಿಗೆ ಕರಿ ಪಟ್ಟಿ, ರೆಕ್ಕೆಯ ಬುಡದಲ್ಲಿ ಕುಂಕುಮ ತಾಗಿದಂಥ ಕಲೆ. ಹೆಣ್ಣಿನ ತಲೆ ಬೂದು, ಕೊರಳ ಸುತ್ತ ಮಾಸಲು ಹಳದಿ. ಇಂಥ ಜೋಡಿ ನೋಡಿ ನೋಡಿ ಬೆಳೆದವರು ಆ ಫೋಟೊ ನೋಡಿ ಇನ್ನೇನು ಅಂದಾರು?

ರಾತ್ರಿ ನಿದ್ದೆ ಬರದೆ ನಾನೂ ಹುಡುಕುತ್ತಾ ಕೂತೆ. ಬೂದು ಟೋಪಿಯದು ಬೊಲಿವಿಯಾ ಮತ್ತು ವಾಯವ್ಯ ಅರ್ಜೆಂಟೀನಾದ ಹಕ್ಕಿ. ಗಂಡು, ಹೆಣ್ಣು ಎರಡಕ್ಕೂ ಅದೇ ಟೋಪಿ. ಅಲ್ಲಿಗೆ ಮಾವನ ಲೆಕ್ಕ ತಪ್ಪಿತು, ಸರಿ. ಇನ್ನೊಂದು ಪೆರುವಿನಿಂದ ಚಿಲಿ, ಅರ್ಜೆಂಟೀನಾದವರೆಗೂ ಇದೆ, 4000 ಮೀಟರ್ ಮೇಲೂ ಬದುಕುತ್ತದೆ. ಆದರೆ ಹಳದಿ ಮುಖ ಎದ್ದು ಕಾಣುವುದು ಪೆರುವಿನ ಕಡೆಯ ಗಂಡುಗಳಲ್ಲಿ. ಹೆಣ್ಣಿಗೆ ಅಷ್ಟು ಬಣ್ಣವಿಲ್ಲ. ದಕ್ಷಿಣಕ್ಕೆ ಇಳಿದರೆ ಗಂಡಿನ ಮುಖವೂ ಹಸಿರೇ! ಅಂದರೆ ಎರಡೂ ಜಾತಿ ಸಿಗುವ ಅರ್ಜೆಂಟೀನಾದಲ್ಲಿ ನಮ್ಮ ಹುಡುಗ “ಹಳದಿ ಮುಖ ಎಲ್ಲಿ” ಅಂತ ಕತ್ತೆತ್ತಿ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಅಲ್ಲಿ ನೋಡಬೇಕಾದದ್ದು ಬೂದು ಟೋಪಿ ಇದೆಯೋ ಇಲ್ಲವೋ ಅಂತ.

ಗಂಡು-ಹೆಣ್ಣಿಗೆ ಬಣ್ಣ ಬೇರೆ ಇರುತ್ತದೆ ಅನ್ನುವ ಮಾವನ ಮಾತಾದರೂ ಆ ಹಳದಿ ಮುಖದ ಹಕ್ಕಿಯ ಮಟ್ಟಿಗೆ ನಿಜವಾಯಿತು. ಹುಡುಗ ಓದಿದ್ದು ಒಂದು ಫೋಟೊದ ಕೆಳಗಿನ ಎರಡು ಸಾಲು. ನಮ್ಮಲ್ಲಿ ಈಗ ವಾದ ಗೆಲ್ಲೋದಕ್ಕೆ ಅಷ್ಟು ಸಾಕು. ಹೊಲ ಕಾಯ್ದವರು ಸುಮ್ಮನೆ ಕೈ ತೊಳೆದುಕೊಂಡು ಏಳಬೇಕು.

ಮಾವ ಮಾತ್ರ ಹಾಗೆ ಎದ್ದು ಹೋಗಲಿಲ್ಲ. “ಮರ ಇಲ್ಲದ ಬೆಟ್ಟ ಅಂತೀಯ, ಮೊಟ್ಟೆ ಎಲ್ಲಿಕ್ತಾವೆ?” ಅಂದರು. ಹುಡುಗ ಮೊಬೈಲ್ ತಡಕಾಡಿದ. ಮಣ್ಣಿನ ದಂಡೆಯಲ್ಲಿ ಬಿಲ ಮಾಡಿ ಇಡುತ್ತವೆ. ಅದನ್ನು ಬೆಳಿಗ್ಗೆ ನಾನೇ ಹೇಳಿದೆ, ಹುಡುಗನಿಗಲ್ಲ, ಮಾವನಿಗೆ.