ಡಾಲ್ಫಿನ್ ಮುಟ್ಟಿದ್ದೀರಾ ಎಂದು ಕೇಳುವವರಿಗೆ

ಕೋಲಾರದ ಕಾಲೇಜುಗಳಿಗೆ ಮಾತನಾಡಲು ಹೋದಾಗಲೆಲ್ಲ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ, "ಮೇಡಂ, ನೀವು ಡಾಲ್ಫಿನ್ ಮುಟ್ಟಿದ್ದೀರಾ?" ಉತ್ತರ ಕನ್ನಡದ ಕಡಲಿನಲ್ಲಿ ಅವುಗಳ ಅಧ್ಯಯನಕ್ಕಾಗಿ ದೋಣಿ ಹತ್ತಿದವಳನ್ನು ಹೀಗೆ ಕೇಳುವುದು ಸಹಜ. ಇಲ್ಲ, ಮುಟ್ಟಿಲ್ಲ, ಮುಟ್ಟಬಾರದೆಂಬುದೇ ನನ್ನ ನಿಲುವು.

ನಮ್ಮ ಕರಾವಳಿಯಲ್ಲಿ ದಡಕ್ಕೆ ಹತ್ತಿರ, ನದಿಗಳು ಕಡಲು ಸೇರುವ ಅಳಿವೆಗಳ ಬಾಯಲ್ಲಿ ಕಾಣಸಿಗುವ ಗೂನುಬೆನ್ನಿನ ಡಾಲ್ಫಿನ್ ಅಳಿವಿನ ಭೀತಿ ಎದುರಿಸುತ್ತಿರುವ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದು ಉಸಿರಾಡಲು ಮೇಲೆ ಬಂದೇ ಬರಬೇಕು. ನಮ್ಮ ಅಧ್ಯಯನವೆಲ್ಲ ಆ ಕೆಲವೇ ಕ್ಷಣಗಳನ್ನು ನಂಬಿಕೊಂಡಿದೆ. ಒಬ್ಬರು ನೀರನ್ನೇ ದಿಟ್ಟಿಸುತ್ತಾರೆ, ಒಬ್ಬರು ಸಮಯ, ಸ್ಥಳ, ಗುಂಪಿನ ಗಾತ್ರ ಮತ್ತು ಮರಿಗಳನ್ನು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಬೆನ್ನಿನ ಮೇಲಿನ ರೆಕ್ಕೆಯ ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ರೆಕ್ಕೆಯ ಪಕ್ಕದ ನೋಟ ನೇರವಾಗಿ ಸಿಗಬೇಕು. ಓರೆಯಾದರೆ ಅದರ ಹಿಂಬದಿಯ ಅಂಚಿನಲ್ಲಿರುವ ಕಚ್ಚುಗಳು ಸರಿಯಾಗಿ ಕಾಣುವುದಿಲ್ಲ. ಒಂದು ಡಾಲ್ಫಿನನ್ನು ವರ್ಷಗಳ ನಂತರವೂ ಗುರುತು ಹಿಡಿಯುವುದು ಆ ಕಚ್ಚುಗಳಿಂದಲೇ.

ಎಲ್ಲವನ್ನೂ ಎಣಿಸದೆ ಸಂಖ್ಯೆ ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಖುಷಿಯಾಗುತ್ತದೆ. ಒಂದು ಕೆರೆಯ 50 ಮೀನುಗಳಿಗೆ ಗುರುತು ಹಾಕಿ ಬಿಟ್ಟಿದ್ದೇವೆ ಎನ್ನಿ. ಮುಂದೆ ಬಲೆಗೆ ಬಿದ್ದ 40ರಲ್ಲಿ 10, ಅಂದರೆ ಕಾಲು ಭಾಗ, ಗುರುತಿನವಾದರೆ, ಗುರುತು ಹಾಕಿದ ಆ 50 ಒಟ್ಟು ಮೀನುಗಳ ಕಾಲು ಭಾಗ ಎಂದುಕೊಂಡು, ಕೆರೆಯಲ್ಲಿ ಸುಮಾರು 200 ಮೀನುಗಳಿವೆ ಎಂದು ಅಂದಾಜಿಸಬಹುದು. ಡಾಲ್ಫಿನ್‌ಗೆ ನಾವು ಹಾಕಬೇಕಾದ ಗುರುತನ್ನು ರೆಕ್ಕೆಯ ಕಚ್ಚುಗಳಾಗಿ ಬದುಕೇ ಹಾಕಿಕೊಟ್ಟಿರುತ್ತದೆ. ಆದರೆ ಸಮುದ್ರಕ್ಕೆ ಕೆರೆಯಂತೆ ಏರಿಯಿಲ್ಲ. ಹುಟ್ಟು, ಸಾವು, ವಲಸೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾದ್ದರಿಂದ ಅಲ್ಲಿ ಗಣಿತ ಇದಕ್ಕಿಂತ ಜಟಿಲವಾಗುತ್ತದೆ.

ಅಲೆಗಳ ತಲೆಯಲ್ಲಿ ಬಿಳಿ ನೊರೆ ಮೂಡತೊಡಗಿದರೆ ರೆಕ್ಕೆ ಕಣ್ಣಿಗೆ ಬೀಳುವುದು ಕಷ್ಟ. ಆದ್ದರಿಂದ ಕಡಲಿನ ಸ್ಥಿತಿಯನ್ನೂ, ಏನೂ ಕಾಣದ ಗಂಟೆಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸುತ್ತೇವೆ. ಕಂಡದ್ದನ್ನು ಮಾತ್ರ ಬರೆದರೆ, ಡಾಲ್ಫಿನ್‌ಗಳು ನಿಜಕ್ಕೂ ಕಡಿಮೆಯಾದವೋ ಅಥವಾ ನಾವು ಹುಡುಕಿದ್ದೇ ಕಡಿಮೆಯೋ ಎಂದು ಆಮೇಲೆ ಯಾರೂ ಹೇಳಲಾರರು. ಬಲೆಗೆ ಸಿಕ್ಕಿ, ಮೇಲೆ ಬಂದು ಉಸಿರೆಳೆಯಲಾಗದೆ ಸಾಯುವ ಡಾಲ್ಫಿನ್‌ಗಳನ್ನು ಉಳಿಸಲು ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ ಎಚ್ಚರ ಬೇಕೆಂದು ಮೀನುಗಾರರ ಜೊತೆ ಕೂತು ಮಾತನಾಡಲು ಈ ದಾಖಲೆಯೇ ಆಧಾರ.

ಈ ಕೆಲಸಕ್ಕೆ ಬರಬೇಕೆನ್ನುವ ನಮ್ಮ ಜಿಲ್ಲೆಯ ಮಕ್ಕಳು ಕಡಲು ಸೇರುವವರೆಗೆ ಕಾಯಬೇಕಿಲ್ಲ. ಕೋಲಾರಮ್ಮನ ಕೆರೆಯ ದಂಡೆಯಲ್ಲಿ ಒಂದೇ ದಾರಿ, ಒಂದೇ ಹೊತ್ತು ಹಿಡಿದು ನೀರುಹಕ್ಕಿಗಳನ್ನು ಎಣಿಸಿರಿ. ಒಂದೂ ಕಾಣದ ದಿನ ಸೊನ್ನೆ ಬರೆಯಿರಿ.